ನಿಶ್ಚಿತಾರ್ಥಕ್ಕೆ ಎಮರಾಲ್ಡ್ ಕಟ್ ವಜ್ರದುಂಗುರ ಆರಿಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ನಿಶ್ಚಿತಾರ್ಥದ ಉಂಗುರವೆಂದರೆ ಬಹುಕಾಲ ಬರೀ ಚಿನ್ನದ ಉಂಗುರವೇ ಆಗಿತ್ತು. ಈಗ ಮಂಡಿಪೇಟೆಯ ಅಂಗಡಿಗೂ ಲಕ್ಷ್ಮೀ ಬಜಾರಿಗೂ ಹುಡುಗ ಹುಡುಗಿಯರು ಫೋನಿನಲ್ಲಿ ಚಿತ್ರ ಹಿಡಿದುಕೊಂಡೇ ಬರುತ್ತಾರೆ, ಆ ಚಿತ್ರಗಳಲ್ಲಿ ಎಮರಾಲ್ಡ್ ಕಟ್ ವಜ್ರ ಆಗಾಗ ಕಾಣಿಸುತ್ತದೆ. ದುಂಡು ವಜ್ರ ಕೊಳ್ಳುವಾಗ ಹಾಕುವ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ದುಂಡು ವಜ್ರದ ಮಿನುಗು ಸಣ್ಣಪುಟ್ಟ ಕೊರತೆಗಳನ್ನು ಮುಚ್ಚಿಬಿಡುತ್ತದೆ, ಇದರಲ್ಲಿ ಕೊರತೆ ಇದ್ದಂತೆಯೇ ಕಾಣುತ್ತದೆ. ಆದ್ದರಿಂದ ದೊಡ್ಡ ಹರಳಿಗೆ ಆಸೆಪಡದೆ, ಸ್ವಚ್ಛವಾಗಿಯೂ ಅಳತೆಗೆ ಸರಿಯಾಗಿಯೂ ಇರುವ ಹರಳನ್ನು ಹುಡುಕಬೇಕು ಮತ್ತು ಅದನ್ನು ಸಾಧಾರಣ ಬೆಳಕಿನಲ್ಲಿ ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲಿಗೆ, ಇದು ಪಚ್ಚೆಯ ಹರಳಲ್ಲ, ಪಚ್ಚೆಯನ್ನು ಕತ್ತರಿಸುವ ಆಕಾರದಲ್ಲೇ ಕತ್ತರಿಸಿದ ವಜ್ರ. ಜಾತಕಕ್ಕೆ ಪಚ್ಚೆ ಆಗದೆಂದು ಹಿರಿಯರು ಹಿಂಜರಿಯುವ ಮನೆಗಳಲ್ಲಿ ಇದನ್ನು ಮುಂಚೆಯೇ ತಿಳಿಸಿಬಿಡುವುದು ಒಳ್ಳೆಯದು. ಮೇಲಿನಿಂದ ನೋಡಿದರೆ ಹರಳು ಆಯತಾಕಾರವಾಗಿದ್ದು, ನಾಲ್ಕು ಮೂಲೆಗಳನ್ನು ಓರೆಯಾಗಿ ತೆಗೆದಿರುತ್ತಾರೆ. ಮುಖಗಳು ಅಂಚಿಗೆ ಸಮಾನಾಂತರವಾಗಿ ಒಂದರ ಕೆಳಗೊಂದು ಇಳಿಯುವ ಉದ್ದನೆಯ ಪಟ್ಟಿಗಳಾಗಿರುತ್ತವೆ. ಸಂತೇಬೆನ್ನೂರಿನ ಪುಷ್ಕರಣಿಯ ದಡದಲ್ಲಿ ನಿಂತು, ನಾಲ್ಕೂ ಕಡೆಯಿಂದ ನೀರಿಗಿಳಿಯುವ ಮೆಟ್ಟಿಲುಗಳನ್ನು ಕಂಡವರಿಗೆ ಈ ರಚನೆ ಥಟ್ಟನೆ ಅರ್ಥವಾಗುತ್ತದೆ. ಈ ಪಟ್ಟಿಗಳ ಕಾರಣದಿಂದ ಎಮರಾಲ್ಡ್ ಕಟ್ ಕಿಡಿಕಿಡಿಯಾಗಿ ಮಿನುಗುವುದಿಲ್ಲ. ಕೈ ಅಲುಗಿದಾಗ ಅಗಲವಾದ ಒಂದು ಪಟ್ಟಿ ಬೆಳ್ಳಗೆ ಬೆಳಗುತ್ತದೆ, ಪಕ್ಕದ್ದು ಕಪ್ಪಾಗುತ್ತದೆ, ಮರುಗಳಿಗೆಯಲ್ಲಿ ಅವು ಅದಲುಬದಲಾಗುತ್ತವೆ. ಈ ಗಂಭೀರವಾದ ಹೊಳಪು ಮನಸ್ಸಿಗೆ ಹಿಡಿಸಿದವರು ಮಾತ್ರ ಇದನ್ನು ಕೊಳ್ಳಬೇಕು. ಛತ್ರದ ದೀಪಗಳ ಕೆಳಗೆ ದೂರದಿಂದಲೇ ಝಗಝಗಿಸಬೇಕೆಂಬ ಆಸೆಯಿದ್ದರೆ ದುಂಡು ವಜ್ರವೇ ಸರಿ.

ಹಣ ಹಾಕಬೇಕಾದ ಮೊದಲ ಜಾಗ ಸ್ವಚ್ಛತೆ. ಟೇಬಲ್ ಎಂದು ಕರೆಯುವ ಮೇಲಿನ ಚಪ್ಪಟೆ ಮುಖ ಇದರಲ್ಲಿ ವಿಶಾಲವಾಗಿರುವುದರಿಂದ ಒಳಗಿನ ಚುಕ್ಕೆ, ಗೆರೆ, ಮಸುಕು ಎಲ್ಲವೂ ನೇರವಾಗಿ ಕಾಣುತ್ತವೆ. ಸಾಲದ್ದಕ್ಕೆ, ನಡುವಿನಲ್ಲಿರುವ ಒಂದೇ ಚುಕ್ಕೆಯನ್ನು ಕೆಳಗಿನ ಪಟ್ಟಿಗಳು ಪ್ರತಿಫಲಿಸಿ ಎರಡು ಮೂರಾಗಿ ತೋರಿಸುವುದೂ ಉಂಟು. ಸ್ವಚ್ಛತೆಯ ದರ್ಜೆಯನ್ನು 10 ಪಟ್ಟು ಹಿಗ್ಗಿಸಿ ನೋಡಿ ನಿರ್ಧರಿಸುತ್ತಾರೆ. ವಿವಿಎಸ್‌ನಿಂದ ಕೆಳಕ್ಕೆ ವಿಎಸ್1, ವಿಎಸ್2, ಎಸ್‌ಐ ಎಂದು ಈ ದರ್ಜೆಗಳು ಇಳಿಯುತ್ತವೆ. ಈ ಆಕಾರದಲ್ಲಿ ವಿಎಸ್1 ದರ್ಜೆಯನ್ನು ಗುರಿಯಾಗಿ ಇಟ್ಟುಕೊಳ್ಳಬೇಕು. ವಿಎಸ್2 ಹರಳನ್ನು, ಚುಕ್ಕೆ ಟೇಬಲ್ಲಿನ ನಡುವೆ ಇಲ್ಲದೆ ಅಂಚಿನ ಕಡೆಗಿದೆಯೇ ಎಂದು ನೋಡಿಕೊಂಡು ಧಾರಾಳವಾಗಿ ಕೊಳ್ಳಬಹುದು. ದುಂಡು ವಜ್ರದಲ್ಲಿ ನಡೆದುಹೋಗುವ ಎಸ್‌ಐ ದರ್ಜೆ ಇಲ್ಲಿ ಬಹುತೇಕ ಬೇಡ. ವಿವಿಎಸ್‌ಗೆ ಕೊಡುವ ಹೆಚ್ಚಿನ ದುಡ್ಡು ಬರಿಗಣ್ಣಿಗೆ ಕಾಣುವ ವ್ಯತ್ಯಾಸವನ್ನು ತರುವುದಿಲ್ಲ.

ಬಿಂದು, ರೇಖೆ, ಕಾಕಪದ ಎಂದು ನಮ್ಮ ಹಳೆಯ ರತ್ನಶಾಸ್ತ್ರ ವಜ್ರದ ದೋಷಗಳನ್ನು ಹೆಸರಿಸುತ್ತದೆ. ಕಪ್ಪು ಚುಕ್ಕೆಯ ವಜ್ರ ಆಗಿಬರುವುದಿಲ್ಲ ಎಂಬ ಮಾತು ಮನೆಮನೆಯ ಅಜ್ಜಿಯರ ಬಾಯಲ್ಲಿ ಇಂದಿಗೂ ಇದೆ. ನಂಬಿಕೆ ಅವರವರಿಗೆ ಬಿಟ್ಟದ್ದಾದರೂ, ಈ ಆಕಾರದ ಮಟ್ಟಿಗೆ ಅಜ್ಜಿಯ ಎಚ್ಚರಿಕೆಯನ್ನು ಕೇಳಿದವರು ಕೆಡುವುದಿಲ್ಲ. ವಜ್ರವನ್ನು ಕೆಲವು ದಿನ ಮನೆಯಲ್ಲಿಟ್ಟುಕೊಂಡು ನೋಡಿ ಆಮೇಲೆ ಕೊಳ್ಳುವ ರೂಢಿಯಂತೂ ಬಹಳ ಉಪಯುಕ್ತವಾದದ್ದು, ಏಕೆಂದರೆ ಹರಳನ್ನು ನಡುಮನೆಯ ಟ್ಯೂಬ್‌ಲೈಟಿನಲ್ಲೂ ಪಡಸಾಲೆಯ ಹಗಲಿನಲ್ಲೂ ನೋಡುವ ಅವಕಾಶ ಅದರಿಂದ ಸಿಗುತ್ತದೆ. ಅಂಗಡಿಯವರು ಒಪ್ಪಿದರೆ, ಹಿಂದಿರುಗಿಸುವ ದಿನವನ್ನೂ ಷರತ್ತನ್ನೂ ಬರವಣಿಗೆಯಲ್ಲೇ ಪಡೆದುಕೊಳ್ಳಬೇಕು.

ಅಂಗಡಿಯಲ್ಲಿ ನೋಡುವಾಗಲೂ ಒಂದು ಕ್ರಮವಿದೆ. ಚಾವಣಿಯ ಸ್ಪಾಟ್‌ಲೈಟಿನ ಕೆಳಗೆ ಯಾವ ವಜ್ರವೂ ಚೆನ್ನಾಗಿಯೇ ಕಾಣುತ್ತದೆ. ಹರಳನ್ನು ಉಂಗುರಕ್ಕೆ ಕೂರಿಸುವ ಮೊದಲೇ, ಬಾಗಿಲ ಬಳಿ, ನೇರ ಬಿಸಿಲು ಬೀಳದ ನೆರಳಿನಲ್ಲಿ, ಬಿಳಿ ಕಾಗದದ ಮೇಲೆ ತೋರಿಸುವಂತೆ ಕೇಳಬೇಕು. ಮೇಲಿನಿಂದ ನೋಡುತ್ತ ಹರಳನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಿದಾಗ ಬಿಳಿ ಕಪ್ಪು ಪಟ್ಟಿಗಳು ಒಂದರ ಹಿಂದೊಂದು ಕ್ರಮವಾಗಿ ಬದಲಾಗಬೇಕು. ಬದಲಾಗದೆ ನಡುವೆ ಒಂದು ಭಾಗ ಸದಾ ಕಪ್ಪಾಗಿಯೇ ಉಳಿದರೆ ಅಥವಾ ಚಿಮಟದಲ್ಲಿ ಹಿಡಿದ ಹರಳಿನ ಹಿಂದೆ ಬೆರಳಿಟ್ಟಾಗ ಬೆರಳಿನ ಬಣ್ಣ ಆರಪಾರವಾಗಿ ಕಂಡರೆ, ಅಂಥ ಹರಳನ್ನು ಪಕ್ಕಕ್ಕಿಡಬಹುದು. ಎರಡನೆಯದು ತಳಭಾಗವನ್ನು ಆಳ ಸಾಲದಂತೆ ಕತ್ತರಿಸಿದ್ದರ ಗುರುತು, ಅಲ್ಲಿ ಬೆಳಕು ಕಣ್ಣಿಗೆ ಮರಳದೆ ಕೆಳಗೆ ಸೋರಿಹೋಗುತ್ತದೆ. ಬಳಿಕ ಲೂಪ್ ಎಂಬ ಪುಟ್ಟ ಭೂತಗನ್ನಡಿಯನ್ನು ಕೇಳಿ ಪಡೆದು, ಪಟ್ಟಿಗಳು ಅಂಚಿಗೆ ಸಮಾನಾಂತರವಾಗಿವೆಯೇ, ನಾಲ್ಕು ಮೂಲೆಗಳ ಓರೆಗಳು ಒಂದೇ ಅಳತೆಯಲ್ಲಿವೆಯೇ, ತಳದಲ್ಲಿ ಪಟ್ಟಿಗಳು ಕೂಡುವ ಗೆರೆ ನಟ್ಟನಡುವೆ ಇದೆಯೇ ಎಂದು ನೋಡಬೇಕು. ಅದಕ್ಕೆ ವಿಶೇಷ ತರಬೇತಿ ಬೇಕಾಗಿಲ್ಲ. ಗೆರೆ ವಕ್ರವಾಗಿದ್ದರೆ ಈ ಆಕಾರದಲ್ಲಿ ಅದು ತಾನಾಗಿಯೇ ಕಣ್ಣಿಗೆ ಚುಚ್ಚುತ್ತದೆ.

ಕಣ್ಣಿನ ಪರೀಕ್ಷೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ವಜ್ರಗಳನ್ನು ಪರೀಕ್ಷಿಸಿ ದರ್ಜೆಯ ವರದಿ ಕೊಡುವ ಜಿಐಎ ಸಂಸ್ಥೆಯ ಸಾಮಾನ್ಯ ವರದಿಯಲ್ಲಿ ಕತ್ತರಿಕೆಗೆ ದರ್ಜೆ ಸಿಗುವುದು ದುಂಡು ಬ್ರಿಲಿಯಂಟ್ ವಜ್ರಕ್ಕೆ ಮಾತ್ರ. ಎಮರಾಲ್ಡ್ ಕಟ್‌ನ ವರದಿಯಲ್ಲಿ ಕಾಣುವ ‘ಎಕ್ಸಲೆಂಟ್’ ಎಂಬುದು ಪಾಲಿಶ್ ಮತ್ತು ಸಿಮಿಟ್ರಿಗೆ, ಅಂದರೆ ಮೈಯ ನಯಕ್ಕೂ ಮುಖಗಳ ಹೊಂದಾಣಿಕೆಗೂ ಸಂಬಂಧಿಸಿದ್ದು. ಆದರೂ ವರದಿಯಲ್ಲಿರುವ ಮಿಲಿಮೀಟರ್ ಅಳತೆಗಳು ಬಹಳ ಉಪಯೋಗಕ್ಕೆ ಬರುತ್ತವೆ. ಉದ್ದವನ್ನು ಅಗಲದಿಂದ ಭಾಗಿಸಿದರೆ ಹರಳಿನ ಮೈಕಟ್ಟು ತಿಳಿಯುತ್ತದೆ: 7 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ಅಗಲವಿದ್ದರೆ 1.40. ಹೆಚ್ಚಿನವರಿಗೆ ಹಿಡಿಸುವುದು 1.30ರಿಂದ 1.50ರ ನಡುವಿನ ಹರಳು. ಗಿಡ್ಡ ಬೆರಳಿಗೆ ತುಸು ಉದ್ದನೆಯದು ಒಪ್ಪುತ್ತದೆ. ಆಳವು ಅಗಲದ ಶೇಕಡಾ 60ರಿಂದ 68ರ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಾದರೆ ತೂಕವೆಲ್ಲ ತಳದಲ್ಲಿ ಅಡಗಿ, ಕೊಟ್ಟ ದುಡ್ಡಿಗೆ ಹರಳು ಚಿಕ್ಕದಾಗಿ ಕಾಣುತ್ತದೆ. ವರದಿಯ ಸಂಖ್ಯೆಯನ್ನು ಸಾಮಾನ್ಯವಾಗಿ ಹರಳಿನ ಸೊಂಟದ ಅಂಚಿನಲ್ಲಿ ಲೇಸರಿನಿಂದ ಕೊರೆದಿರುತ್ತಾರೆ. ಅದನ್ನು ಲೂಪ್‌ನಲ್ಲಿ ಓದಿ, ಸಂಸ್ಥೆಯ ಜಾಲತಾಣದಲ್ಲಿ ತಾಳೆ ನೋಡಬೇಕು.

ಬಣ್ಣದ ವಿಷಯದಲ್ಲಿ ಉಳಿತಾಯಕ್ಕೆ ದಾರಿಯಿದೆ. ವಜ್ರದ ಬಣ್ಣವನ್ನು ಡಿಯಿಂದ ಜೆಡ್‌ವರೆಗೆ ಅಳೆಯುತ್ತಾರೆ, ಡಿ ಎಂದರೆ ಬಣ್ಣವೇ ಇಲ್ಲದ್ದು. ಎಮರಾಲ್ಡ್ ಕಟ್ ಹಳದಿ ಛಾಯೆಯನ್ನು ಮರೆಮಾಡದ ಕಾರಣ ಪ್ಲಾಟಿನಂ ಅಥವಾ ಬಿಳಿ ಚಿನ್ನದ ಉಂಗುರಕ್ಕೆ ಜಿ, ಎಚ್ ದರ್ಜೆಗಿಂತ ಕೆಳಗಿಳಿಯಬಾರದು. ನಮ್ಮ ಕಡೆಯವರು ಹೆಚ್ಚಾಗಿ ಇಷ್ಟಪಡುವ ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಐ, ಜೆ ದರ್ಜೆಯೂ ಚೆಂದವಾಗಿಯೇ ಕಾಣುತ್ತದೆ.

ತೂಕದ ಲೆಕ್ಕ ಸರಳ. 1 ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅಂದರೆ 100 ಸೆಂಟ್. ಕ್ಯಾರೆಟ್ ತುಂಬಿದೊಡನೆ ದರ ಜಿಗಿಯುತ್ತದೆ. 90 ಸೆಂಟಿನ ಹರಳಿಗೂ 1 ಕ್ಯಾರೆಟ್ ಹರಳಿಗೂ ಬೆರಳಿನ ಮೇಲೆ ಕಾಣುವ ಅಂತರ ಅತ್ಯಲ್ಪ. ಅದೇ ತೂಕದ, ಅದೇ ದರ್ಜೆಯ ದುಂಡು ವಜ್ರಕ್ಕಿಂತ ಎಮರಾಲ್ಡ್ ಕಟ್ ಸಾಮಾನ್ಯವಾಗಿ ಅಗ್ಗ, ಹಾಗೆ ಉಳಿದ ಹಣವನ್ನು ಸ್ವಚ್ಛತೆಗೆ ತಿರುಗಿಸುವುದು ಜಾಣತನ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ಮಾತು ಇಂದು ಎಲ್ಲ ಅಂಗಡಿಯಲ್ಲೂ ಬರುತ್ತದೆ. ಅದೂ ಇಂಗಾಲದಿಂದಾದ ನಿಜವಾದ ವಜ್ರವೇ, ಬೆಲೆ ಮಾತ್ರ ಬಹಳ ಕಡಿಮೆ. ಮರುಮಾರಾಟದ ಬೆಲೆಯೂ ಅದಕ್ಕೆ ತಕ್ಕಂತೆ ಕಡಿಮೆಯೇ. ಗಣಿಯ ವಜ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಬರಿಗಣ್ಣಿನಿಂದ ಹೇಳಲಾಗುವುದಿಲ್ಲವಾದ್ದರಿಂದ ಯಾವುದನ್ನು ಕೊಡುತ್ತಿದ್ದೇವೆಂದು ಬಿಲ್ಲಿನಲ್ಲಿ ಬರೆಸಬೇಕು, ಎರಡೂ ಮನೆಯವರಿಗೆ ಮೊದಲೇ ತಿಳಿಸಬೇಕು. ಮಾಯ್ಸನೈಟ್ ಎಂಬುದು ವಜ್ರವೇ ಅಲ್ಲದ ಬೇರೆ ಹರಳು. ಲೂಪ್‌ನಲ್ಲಿ ಓರೆಯಾಗಿ ನೋಡಿದರೆ ಅದರ ಒಳಗಿನ ಗೆರೆಗಳು ಜೋಡಿ ಜೋಡಿಯಾಗಿ ಕಾಣುತ್ತವೆ.

ಇನ್ನು ಕಟ್ಟಡ, ಅಂದರೆ ಹರಳನ್ನು ಉಂಗುರದಲ್ಲಿ ಕೂರಿಸುವ ಬಗೆ. ವಜ್ರ ಎಷ್ಟೇ ಗಡುಸಾದರೂ ಕೆಲವು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸಿಗಿಯುತ್ತದೆ. ಆದ್ದರಿಂದ ನಾಲ್ಕು ಮೂಲೆಗಳನ್ನೂ ಕಡ್ಡಿಗಳು ಭದ್ರವಾಗಿ ಹಿಡಿದಿರಬೇಕು ಅಥವಾ ಸುತ್ತಲೂ ಚಿನ್ನದ ಅಂಚು ಕಟ್ಟಿರಬೇಕು. ಮನೆಗೆಲಸ ಹೆಚ್ಚಿರುವ ಕೈಗೂ, ಹುಡುಗಿಯ ಕಡೆಯವರು ಹುಡುಗನಿಗೆ ಮಾಡಿಸುವ ಉಂಗುರಕ್ಕೂ ಅಂಚು ಕಟ್ಟಿದ್ದೇ ಲೇಸು. 22 ಕ್ಯಾರೆಟ್ ಚಿನ್ನ ಮೆದುವಾದ್ದರಿಂದ ಕಡ್ಡಿಗಳು ಸಡಿಲಗೊಳ್ಳುತ್ತವೆ. 18 ಕ್ಯಾರೆಟ್ ಚಿನ್ನವನ್ನೇ ಕೇಳಬೇಕು. ಬೆರಳಿನ ಅಳತೆಯನ್ನು ಸಂಜೆ ತೆಗೆಸಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಬೆರಳು ಊದುವುದರಿಂದ, ಚಳಿಗಾಲದಲ್ಲಿ ಅಳತೆ ಕೊಟ್ಟವರು ಅಕ್ಕಸಾಲಿಗರಿಗೆ ಅದನ್ನು ನೆನಪಿಸಬೇಕು.

ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ ಕಳೆದ ಚಿನ್ನದ ನಿವ್ವಳ ತೂಕ, ವಜ್ರದ ಬೆಲೆ, ಮಜೂರಿ, ಶೇಕಡಾ 3ರ ಜಿಎಸ್‌ಟಿ ಇವೆಲ್ಲ ಬೇರೆ ಬೇರೆಯಾಗಿ ಇರಬೇಕು. 75 ಸೆಂಟಿನ ಹರಳು 150 ಮಿಲಿಗ್ರಾಂ ತೂಗುತ್ತದೆ, ಅದಕ್ಕೆ ಚಿನ್ನದ ದರ ಸೇರಿಕೊಳ್ಳಬಾರದು. 18 ಕ್ಯಾರೆಟ್ ಉಂಗುರದ ಒಳಮೈಯಲ್ಲಿ ಹಾಲ್‌ಮಾರ್ಕ್, ಅಂದರೆ ಚಿನ್ನದ ಶುದ್ಧತೆಗೆ ಸಾಕ್ಷಿಯಾದ ಬಿಐಎಸ್ ಗುರುತು, ಶುದ್ಧತೆಯನ್ನು ಹೇಳುವ 750 ಎಂಬ ಅಂಕಿ ಮತ್ತು ಅಕ್ಷರ ಅಂಕಿಗಳು ಬೆರೆತ ಆರು ಸ್ಥಾನದ ಗುರುತು ಸಂಖ್ಯೆಯಾದ ಎಚ್‌ಯುಐಡಿ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಲ್ಲೇ ಪರಿಶೀಲಿಸಬಹುದು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲವಾದರೂ ತೆಳು ಉಂಗುರಕ್ಕೂ ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ. ವಾಪಸ್ ಕೊಟ್ಟರೆ ವಜ್ರಕ್ಕೆ ಶೇಕಡಾ ಎಷ್ಟು ಸಿಗುತ್ತದೆ ಎಂಬುದನ್ನೂ ಬರೆಸಿಕೊಳ್ಳಬೇಕು.

ಈ ಆಕಾರದ ಹರಳುಗಳ ದಾಸ್ತಾನು ಊರಿನ ಅಂಗಡಿಗಳಲ್ಲಿ ಹೆಚ್ಚಿರುವುದಿಲ್ಲ. ಆರ್ಡರ್ ಕೊಟ್ಟ ಮೇಲೆ ಹೊರಗಿನಿಂದ ತರಿಸುತ್ತಾರೆ. ಹೋಲಿಸಿ ನೋಡಲು ಒಂದಕ್ಕಿಂತ ಹೆಚ್ಚು ಹರಳು ತರಿಸುವಂತೆ ಹೇಳಿ, ನಿಶ್ಚಿತಾರ್ಥಕ್ಕೆ ಒಂದೂವರೆ ತಿಂಗಳಾದರೂ ಮೊದಲೇ ಕೆಲಸ ಶುರು ಮಾಡಬೇಕು. ತೊಡಲು ಆರಂಭಿಸಿದ ಮೇಲೆ, ರೊಟ್ಟಿ ಹಿಟ್ಟು ನಾದುವಾಗ, ಎಣ್ಣೆ ಹಚ್ಚುವಾಗ ಉಂಗುರವನ್ನು ತೆಗೆದಿಡಬೇಕು, ಏಕೆಂದರೆ ಜಿಡ್ಡು ವಜ್ರಕ್ಕೆ ಬೇಗ ಅಂಟುತ್ತದೆ ಮತ್ತು ಈ ಆಕಾರದಲ್ಲಿ ಹಿಂಬದಿಯ ಜಿಡ್ಡಿನ ಪೊರೆ ಮೇಲಿನಿಂದಲೇ ಮಂಕಾಗಿ ಕಾಣುತ್ತದೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಸಾಕು. ವರ್ಷಕ್ಕೊಮ್ಮೆ ಕಡ್ಡಿಗಳನ್ನು ಬಿಗಿ ಮಾಡಿಸಿ, ವಜ್ರದ ವರದಿಯ ಮೂಲಪ್ರತಿಯನ್ನು ಬಿಲ್ಲಿನ ಜೊತೆಗೇ ಇಟ್ಟುಕೊಳ್ಳಬೇಕು.