ಪ್ರಸಂಗ ಕೇಳುವ ಕಿವಿಗೆ ಒಂದು ಮೆಟಲ್ ಆಲ್ಬಂ

ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ (ವೇಷವಿಲ್ಲದೆ ಕುಳಿತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳುತ್ತಲೇ ಬೆಳೆದು, ಈಗಲೂ ಹವ್ಯಾಸಕ್ಕೆ ಮದ್ದಳೆ ನುಡಿಸುವ ನನಗೆ, ಮೆಟಲ್ ಎಂಬ ಬಿರುಸಿನ ರಾಕ್ ಸಂಗೀತ ನುಡಿಸುವ ಅಮೆರಿಕದ ಡ್ರೀಮ್ ಥಿಯೇಟರ್ ತಂಡದ ‘ಮೆಟ್ರೊಪೊಲಿಸ್ ಪಾರ್ಟ್ 2: ಸೀನ್ಸ್ ಫ್ರಂ ಎ ಮೆಮೊರಿ’ ಎಂಬ ಆಲ್ಬಮನ್ನು ಮೊಬೈಲಿಗೆ ಹಾಕಿಕೊಟ್ಟವನು ಅಕ್ಕನ ಮಗ. ಮೊದಮೊದಲು ಅದರಲ್ಲಿ ಗದ್ದಲವಲ್ಲದೆ ಬೇರೇನೂ ಕೇಳಿಸಲಿಲ್ಲ. ತಪ್ಪು ನನ್ನದೇ, ಬದಿಯಡ್ಕದ ಬಸ್ಸಿನಲ್ಲಿ ಕುಳಿತು ಹಾಡುಗಳನ್ನು ಹಿಂದುಮುಂದಾಗಿ ಕೇಳುತ್ತಿದ್ದೆ. ಯಕ್ಷಗಾನ ಪ್ರಸಂಗದ ನಡುವೆ ಬಂದು ನಾಲ್ಕು ಪದ (ಹಾಡು) ಕೇಳಿ, ಕಥೆ ತಿಳಿಯಲಿಲ್ಲವೆಂದು ಎದ್ದು ಹೋಗುವವರನ್ನು ಕಂಡು ನಕ್ಕವನು ನಾನು.

1999ರಲ್ಲಿ ಬಂದ ಈ ಆಲ್ಬಂ ಸುಮಾರು 77 ನಿಮಿಷಗಳದ್ದು. ಎರಡು ಅಂಕ, ಒಂಬತ್ತು ದೃಶ್ಯ, ಹನ್ನೆರಡು ಹಾಡುಗಳು. ನಿಕೋಲಸ್ ಎಂಬವನು ಸಂಮೋಹನ ಚಿಕಿತ್ಸೆಗೆ ಒಳಗಾಗಿ, ಹಿಂದಿನ ಜನ್ಮದಲ್ಲಿ ತಾನು ವಿಕ್ಟೋರಿಯಾ ಎಂಬ ಹೆಣ್ಣಾಗಿದ್ದು 1928ರಲ್ಲಿ ಕೊಲೆಯಾದದ್ದನ್ನು ಕಂಡುಕೊಳ್ಳುತ್ತಾನೆ. ಆಕೆಯ ಸುತ್ತ ಜೂಲಿಯನ್ ಮತ್ತು ಎಡ್ವರ್ಡ್ ಎಂಬ ಅಣ್ಣತಮ್ಮಂದಿರು.

ಒಂದು ಭಾನುವಾರ ಹಾಡುಗಳ ಸಾಹಿತ್ಯವನ್ನು ಮುಂದಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಒಂದೇ ಬೈಠಕ್ಕಿನಲ್ಲಿ ಕೇಳಿದೆ. ಇಷ್ಟು ಪಾತ್ರಗಳ ಮಾತನ್ನೂ ಬಹುಮಟ್ಟಿಗೆ ತಂಡದ ಗಾಯಕ ಜೇಮ್ಸ್ ಲಾಬ್ರೀ ಒಬ್ಬನೇ ಹಾಡುತ್ತಾನೆ ಎಂಬುದು ಅಂದು ಗಮನಕ್ಕೆ ಬಂತು. ಇದರಲ್ಲಿ ಗೊಂದಲಪಡಲು ಏನಿದೆ? ನಮ್ಮಲ್ಲಿ ಪ್ರಸಂಗ ಹಾಡುವ ಭಾಗವತರು ರಾಮನಿಗೂ ರಾವಣನಿಗೂ ಒಂದೇ ಕಂಠದಲ್ಲಿ ಪದ ಹೇಳುವುದಿಲ್ಲವೇ? ಆದರೆ ಇಲ್ಲಿ ಪದ ಮುಗಿದ ಮೇಲೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರಿಲ್ಲ. ಆ ಕೆಲಸವನ್ನು ವಾದ್ಯಗಳು ಮಾಡುತ್ತವೆ. ‘ಓವರ್ಚರ್ 1928’ ಎಂಬ ಎರಡನೆಯ ಹಾಡು ಇದಕ್ಕೆ ಕೀಲಿಕೈ. ಕಥೆಗೆ ಮೊದಲು ನಡೆಯುವ ನಮ್ಮ ಪೂರ್ವರಂಗಕ್ಕೂ ಆ ರಾತ್ರಿಯ ಪ್ರಸಂಗಕ್ಕೂ ಕಥೆಯ ನಂಟಿಲ್ಲ, ಆದರೆ ಈ ಪೀಠಿಕೆಯಲ್ಲಿ ಮುಂದೆ ಬರುವ ರಾಗದೆಳೆಗಳ ಜೊತೆಗೆ ಅದೇ ತಂಡದ 1992ರ ‘ಮೆಟ್ರೊಪೊಲಿಸ್ ಪಾರ್ಟ್ 1’ ಎಂಬ ಹಾಡಿನ ಎಳೆಗಳೂ ಹೆಣೆದುಕೊಂಡಿವೆ. ಈ ಪೀಠಿಕೆಯನ್ನು ಬಾಯಿಪಾಠವಾಗುವಷ್ಟು ಸಲ ಕೇಳಿದ ಮೇಲೆ, ಉಳಿದ ಹಾಡುಗಳಲ್ಲಿ ಪರಿಚಿತ ಮುಖಗಳು ಕಾಣತೊಡಗಿದವು.

ನನ್ನನ್ನು ನಿಜವಾಗಿ ಸೋಲಿಸಿದ್ದು ‘ದ ಡಾನ್ಸ್ ಆಫ್ ಎಟರ್ನಿಟಿ’. ಮಾತೇ ಇಲ್ಲದ ಆ ಆರು ನಿಮಿಷಗಳಲ್ಲಿ ಲಯದ ಅಳತೆ ನೂರಕ್ಕೂ ಹೆಚ್ಚು ಬಾರಿ ಬದಲಾಗುತ್ತದೆಂದು ಎಣಿಸಿದವರು ಹೇಳುತ್ತಾರೆ. ತ್ರಿವುಡೆ ತಾಳದ ಏಳು ಮಾತ್ರೆ, ಝಂಪೆಯ ಹತ್ತು, ಅಷ್ಟದ ಹದಿನಾಲ್ಕು ನನ್ನ ಕೈಗೆ ಹೊಸತಲ್ಲ. ಆದರೆ ನಮ್ಮಲ್ಲಿ ಹಿಡಿದ ತಾಳ ಆವರ್ತ ಆವರ್ತವಾಗಿ ಮರಳಿ ಬರುತ್ತದೆ. ಇಲ್ಲಿ ಏಳು ಎಂದು ಹಿಡಿಯುವಷ್ಟರಲ್ಲಿ ಐದಾಗಿರುತ್ತದೆ. ಕೊನೆಗೆ ಬೆರಳೆಣಿಕೆ ಬಿಟ್ಟು, ಬಿಡ್ತಿಗೆ (ಮದ್ದಳೆ-ಚೆಂಡೆಯ ನುಡಿಸಾಣಿಕೆಯ ಜೋಡಣೆ) ಕಲಿಯುವಾಗ ಮಾಡುವಂತೆ ಒಂದೊಂದು ತುಣುಕನ್ನೂ ಎರಡು ಮೂರರ ಗುಂಪುಗಳಾಗಿ ಬಾಯಿತಾಳದಲ್ಲಿ ಹೇಳಿಕೊಂಡೆ. ಪೂರ್ತಿ ಹಿಡಿತಕ್ಕೆ ಬಂದಿಲ್ಲವಾದರೂ, ನಡುವೆ ಹಳೆಯ ಕಾಲದ ಪಿಯಾನೊ ಮಟ್ಟು ನುಗ್ಗಿ ಬರುವಲ್ಲಿ ಈಗ ಮುಗ್ಗರಿಸುವುದಿಲ್ಲ. ಜೋರ್ಡನ್ ರುಡೆಸ್ ಈ ತಂಡದಲ್ಲಿ ಕೀಬೋರ್ಡ್ ನುಡಿಸಿದ ಮೊದಲ ಆಲ್ಬಂ ಇದೇ.

ಕೊಲೆಗಾರ ಯಾರೆಂಬುದನ್ನು ಅಕ್ಕನ ಮಗ ಬೇಡವೆಂದರೂ ಮೊದಲೇ ಹೇಳಿಬಿಟ್ಟಿದ್ದ. (ಇದನ್ನು ಓದುತ್ತಿರುವವರಿಗೆ ಈಗ ನಾನೂ ಅದನ್ನೇ ಮಾಡುತ್ತಿದ್ದೇನೆ.) ವಾಲಿ ಸಾಯುತ್ತಾನೆಂದು ತಿಳಿದೇ ಬೆಳಗಿನವರೆಗೆ ಕುಳಿತುಕೊಳ್ಳುವ ನನಗೆ ಅದರಿಂದ ನಷ್ಟವಾಗಲಿಲ್ಲ, ಲಾಭವೇ ಆಯಿತು. ‘ಬಿಯಾಂಡ್ ದಿಸ್ ಲೈಫ್’ನಲ್ಲಿ ಕೊಲೆಯ ಸುದ್ದಿ ಪತ್ರಿಕೆಯ ವರದಿಯಾಗಿ ಬರುತ್ತದೆ, ಅದಕ್ಕೊಬ್ಬ ಪ್ರತ್ಯಕ್ಷದರ್ಶಿಯೂ ಇದ್ದಾನೆ. ಆ ಸಾಕ್ಷಿಯೇ ಎಡ್ವರ್ಡ್, ಅವನೇ ಕೊಲೆಗಾರ ಎಂದು ಗೊತ್ತಿದ್ದು ಕೇಳಿದರೆ ವರದಿಯ ಪ್ರತಿಯೊಂದು ಸಾಲೂ ಬೇರೆಯಾಗುತ್ತದೆ. ಹನ್ನೆರಡನೆಯ ಹಾಡಿನಲ್ಲಿ ಅವನು ವಿಕ್ಟೋರಿಯಾಳಿಗೆ ಕಣ್ಣು ತೆರೆಯಲು ಹೇಳಿ ಗುಂಡು ಹಾರಿಸುತ್ತಾನೆ. ಕಥೆಯ ತುದಿಯಲ್ಲಿ ಮನೆಗೆ ಮರಳಿದ ನಿಕೋಲಸನಿಗೆ ಸಂಮೋಹನಕಾರನೂ ಅದೇ ಮಾತನ್ನು ಹೇಳುತ್ತಾನೆ. ಮರುಕ್ಷಣ ಒಂದು ಚೀತ್ಕಾರ, ಬಳಿಕ ಕರಕರ ಸದ್ದು ಮಾತ್ರ. ಮೊದಲ ಸಲ ಅದನ್ನು ಇಯರ್‌ಫೋನಿನ ದೋಷವೆಂದುಕೊಂಡು ತಂತಿ ಅಲುಗಾಡಿಸಿದ್ದೆ. 2002ರ ಅವರ ಮುಂದಿನ ಆಲ್ಬಂ ಶುರುವಾಗುವುದೂ ಅದೇ ಸದ್ದಿನಿಂದ.