ಟಿವಿ ಕೊಳ್ಳುವ ಮುಂಚೆ ಡಬ್ಬದ ಸಣ್ಣ ಅಕ್ಷರ ಓದಿ

ಹಳೇ ಬ್ರ್ಯಾಂಡ್ ನಂಬಿ ಟಿವಿ, ಮಿಕ್ಸಿ ಕೊಳ್ಳುವವರಿಗೆ ಒಂದು ಮಾತು. ಹೆಸರು ಅದೇ ಇದ್ದರೂ ತಯಾರಿಸುವವರು ಬದಲಾಗಿರಬಹುದು.

ತೋಷಿಬಾ ತನ್ನ ಟಿವಿ ವ್ಯವಹಾರವನ್ನು 2018ರಲ್ಲಿ ಚೀನಾದ ಹೈಸೆನ್ಸ್‌ಗೆ ಮಾರಿತು. ಫಿಲಿಪ್ಸ್‌ನ ಅಡುಗೆಮನೆ ಸಾಮಾನಿನ ವಿಭಾಗ 2021ರಲ್ಲಿ ಬೇರೆಯವರ ಕೈ ಸೇರಿತು, ಈಗ ಆ ವಿಭಾಗದ ಕಂಪನಿ ಹೆಸರು ವರ್ಸುನಿ. ಕೊಡಾಕ್ ಹೆಸರಿನ ಟಿವಿಯನ್ನು ನಮ್ಮ ದೇಶದಲ್ಲಿ ಲೈಸೆನ್ಸ್ ಪಡೆದು ಮಾಡುವುದು ಸೂಪರ್ ಪ್ಲಾಸ್ಟ್ರಾನಿಕ್ಸ್. ನಮ್ಮ ಬೆಂಗಳೂರಿನ ಬಿಪಿಎಲ್ ಹೆಸರನ್ನೂ ರಿಲಯನ್ಸ್ ರಿಟೇಲ್ ಲೈಸೆನ್ಸ್ ಮೇಲೆ ಪಡೆದಿದೆ. ಹೀಗಾದ ಮಾತ್ರಕ್ಕೆ ಮಾಲು ಕಳಪೆ ಅಂತಲ್ಲ. ಆದರೆ ಅಪ್ಪನ ಕಾಲದ ಟಿವಿ ಚೆನ್ನಾಗಿ ಬಾಳಿಕೆ ಬಂತು ಅಂತ ಇವತ್ತು ಸುಮ್ನೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ಡಬ್ಬದ ಮೇಲೆ ತಯಾರಕರು ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇರುತ್ತದೆ. ತಯಾರಾದ ತಿಂಗಳೂ ಇರುತ್ತದೆ, ಅದನ್ನೂ ನೋಡಿ. ಟಿವಿ ಮೇಲಿನ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಲ್ಲಿ ನೋಂದಣಿಯಾಗಿದೆ ಅಂತ ಗೊತ್ತಾಗುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸರ್ವೀಸ್. ಅಂಗಡಿಯವರು "ಬರ್ತಾರೆ ಸರ್" ಅಂದರೆ ಸಾಲದು. ಕೊಳ್ಳುವ ಮುಂಚೆಯೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ. ಊರಿಗೆ ಮೆಕ್ಯಾನಿಕ್ ಬರುತ್ತಾರಾ, ಪ್ಯಾನೆಲ್‌ಗೆ, ಅಂದರೆ ಪರದೆಗೆ, ಎಷ್ಟು ವರ್ಷ ವಾರಂಟಿ, ಎರಡನ್ನೂ ಕೇಳಿ. ಶಿರಸಿ, ಸಾಗರದ ಕಡೆಯವರಂತೂ ಇದನ್ನು ಬಿಡಲೇಬೇಡಿ. ಟಿವಿ ಹೊತ್ತುಕೊಂಡು ದೂರದ ಊರಿಗೆ ಹೋಗೋದು ಯಾರಿಗೂ ಬೇಡ.

ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.