ಬಾಣ ಬಿಡದೆ ಇಳಿಸುವುದನ್ನು ಕಲಿತೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಣ ಹೊಡೆಯುವುದು ಫೋಮಿನ ಜಿಂಕೆಗೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಲಿ ಅನ್ನುವವಳು ನಾನು. ಕನಕಪುರ ರಸ್ತೆ ಕಡೆ ಒಂದು ತೋಟದಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರುತ್ತೇವೆ. ಮಾವಿನ ಮರಗಳ ಮಧ್ಯೆ ಜಿಂಕೆ, ಹಂದಿ ಬೊಂಬೆ ನಿಲ್ಲಿಸಿರುತ್ತಾರೆ. ದೂರ ಎಷ್ಟು ಅಂತ ಯಾರೂ ಹೇಳುವುದಿಲ್ಲ, ನಾವೇ ಅಂದಾಜು ಮಾಡಬೇಕು. ಮುಂಗಾಲಿನ ಹಿಂದೆ, ಹೃದಯ ಶ್ವಾಸಕೋಶ ಇರುವ ಜಾಗದಲ್ಲಿ ಗೆರೆಗಳಿರುತ್ತವೆ. ಒಳಗಿನ ಚಿಕ್ಕ ವೃತ್ತಕ್ಕೆ 11 ಅಂಕ, ಆಮೇಲೆ 10, 8, ಮೈಗೆ ಬೇರೆಲ್ಲಿ ತಾಗಿದರೂ 5.

ಒಂದೂವರೆ ವರ್ಷ ನನಗೆ ಬರೀ 5. ಬಾಣ ಹೊಟ್ಟೆಗೆ ಹೋಗುತ್ತಿತ್ತು, ಇಲ್ಲ ತೊಡೆಗೆ, ಅದೂ 15 ಮೀಟರಿನಿಂದ. ಬಾಣದ ಮೊನೆ ಗುರಿಯ ಹತ್ತಿರ ಬಂದರೆ ಸಾಕು, ಹೆದೆ ಇನ್ನೂ ಗಲ್ಲಕ್ಕೆ ಮುಟ್ಟಿರುವುದಿಲ್ಲ, ಬೆರಳು ತಾನಾಗೇ ಬಿಟ್ಟುಬಿಡುತ್ತಿತ್ತು. ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ನಾನು ಕಣ್ಣಿನ ತೊಂದರೆ ಅಂದುಕೊಂಡು ಕನ್ನಡಕ ಬದಲಾಯಿಸಿದೆ. ಆಮೇಲೆ ಬಾಣ ಜೋರಾಗಿ ಹೋಗಲಿ ಅಂತ 38 ಪೌಂಡಿನ ಲಿಂಬ್, ಅಂದರೆ ಬಿಲ್ಲಿನ ಬಾಗುವ ತೋಳುಗಳು, ತೆಗೆದುಕೊಂಡೆ. ಪೌಂಡ್ ಅಂದರೆ ಹೆದೆ ಎಳೆಯಲು ಬೇಕಾದ ಬಲ. ಅದಂತೂ ದೊಡ್ಡ ತಪ್ಪು. ಎಳೆಯುವಷ್ಟರಲ್ಲಿ ಎಡಭುಜ ಕಿವಿಗೆ ಬರುತ್ತಿತ್ತು, ಮೊಣಕೈ ಹೊರಗೆ ತಿರುಗುತ್ತಿರಲಿಲ್ಲ, ಹೆದೆ ಬಂದು ಮುಂಗೈಗೆ ಬಡಿದು ನೇರಳೆ ಹಣ್ಣಿನ ಬಣ್ಣದ ಕಲೆ. ಏಪ್ರಿಲ್ ಬಿಸಿಲಲ್ಲಿ ತುಂಬುತೋಳು ಹಾಕಿಕೊಂಡು ಆಫೀಸಿಗೆ ಹೋಗಿದ್ದೇನೆ.

ಕೊನೆಗೆ ಕೋಚ್ ಹೇಳಿದರು, "ಮೇಡಂ, ನಿಮ್ಮ ಕಣ್ಣು ಸರಿಯಾಗಿದೆ. ಬಿಲ್ಲು ನಿಮಗೆ ಜಾಸ್ತಿ ಆಗಿದೆ."

24 ಪೌಂಡಿಗೆ ಇಳಿದೆ. ಚಿತ್ರವೇ ಇಲ್ಲದ ಹುಲ್ಲಿನ ಪಿಂಡಿಯಿಂದ ಮೂರು ಹೆಜ್ಜೆ ದೂರ ನಿಂತು, ಕಣ್ಣು ಮುಚ್ಚಿ, ಎರಡು ತಿಂಗಳು ಅಷ್ಟೇ ಅಭ್ಯಾಸ. ಕಣ್ಣು ಮುಚ್ಚಿದಾಗಲೇ ಮೈ ಗೊತ್ತಾಗುವುದು. ಬಿಲ್ಲಿನ ಭಾರ ಹೆಬ್ಬೆರಳಿನ ಬುಡದ ಮೇಲೆ ಕೂರಬೇಕು, ಹಿಡಿ ಬಿಗಿಯಬಾರದು. ಹೆದೆ ಗಲ್ಲಕ್ಕೂ ಮೂಗಿನ ತುದಿಗೂ ತಾಗಬೇಕು. ಎಳೆಯುವುದು ತೋಳಲ್ಲ, ಬೆನ್ನು. ಬೆರಳು ಸುಮ್ನೆ ಸಡಿಲವಾದರೆ ಕೈ ತಾನೇ ಕತ್ತಿನ ಪಕ್ಕ ಹಿಂದಕ್ಕೆ ಜಾರುತ್ತದೆ.

ಇದಕ್ಕಿಂತ ಕಷ್ಟದ್ದು ಮುಂದಿನ ಪಾಠ. ಪೂರ್ತಿ ಎಳೆದು, ಮೊನೆಯನ್ನು ಜಿಂಕೆ ಮೇಲೆ ಇಟ್ಟು, ಐದು ಎಣಿಸಿ, ಬಾಣ ಬಿಡದೆ ನಿಧಾನವಾಗಿ ಇಳಿಸಬೇಕು. ಮೊದಲ ದಿನ ಹತ್ತರಲ್ಲಿ ಏಳು ಬಾಣ ಹೋಗೇಬಿಟ್ಟವು. ಅಳು ಬಂತು.

ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ದೊಡ್ಡಪ್ಪನ ಮಗನಿಗೆ ಫೋನಲ್ಲಿ ಹೇಳಿದೆ. ಅಲ್ಲಿ ಲೈಸೆನ್ಸ್ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆ ಆಡಬಹುದು, ಅಣ್ಣ ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ರಾಟೆ ಇರುವ ಬಿಲ್ಲು, ಹಿಡಿಯುತ್ತಾನೆ. "ಹೊಟ್ಟೆಗೆ ತಾಗಿದರೆ ಅದು ತಕ್ಷಣ ಸಾಯಲ್ಲ ಕಣೇ, ಗಂಟೆಗಟ್ಟಲೆ ನರಳುತ್ತೆ. ಸರಿ ಅನ್ನಿಸದಿದ್ದರೆ ನಾನು ಇಳಿಸಿಬಿಡ್ತೀನಿ" ಅಂದ. ಫೋಮಿನ ಹೊಟ್ಟೆಯಲ್ಲಿ ನೆಟ್ಟ ನನ್ನ ಬಾಣ ಅವತ್ತಿನಿಂದ ಬೇರೆ ಥರ ಕಾಣುತ್ತದೆ.

ಈಗ 28 ಪೌಂಡು. ಕಳೆದ ಭಾನುವಾರ ದೂರದ ಜಿಂಕೆಗೆ ಎಳೆದೆ, ಭುಜ ಏರಿತು, ಇಳಿಸಿದೆ. ಮತ್ತೆ ಎಳೆದೆ, ಮತ್ತೆ ಇಳಿಸಿದೆ. ಮೂರನೇ ಸಲ ಬಿಟ್ಟೆ, 10. ಕೋಚ್ ಬಾಣದ ಕಡೆ ನೋಡಲೇ ಇಲ್ಲ, "ಭುಜ ಏರಿದ್ದು ನಿಮಗೇ ಗೊತ್ತಾಯ್ತಾ?" ಅಂತ ಮಾತ್ರ ಕೇಳಿದರು.

ಐದನೇ ಡಜನ್ ಬಾಣದ ಹೊತ್ತಿಗೆ ಭುಜ ಈಗಲೂ ಏರುತ್ತದೆ. ಆಗ ಹೆದೆ ಬಿಚ್ಚಿ ಮನೆಗೆ ಹೊರಡುತ್ತೇನೆ.